ಒಂದು ತಾಸಿನ ದಾರಿ

ಹೊಳೆದಂಡೆ, ಗಲಗಲಿ ಹತ್ತಿರ, ತಾ. ಬೀಳಗಿ
20-1-2001

ಅಳಿಯ ಮಾಳಿಂಗರಾಯನಿಗೆ ಮಾವ ಅಮಸಿದ್ದಪ್ಪ ಬರೆಯುವುದು.

ನಾವು ಇದ್ದೇವೆ. ನೀನೂ ಇದ್ದೀಯೆಂದು ತಿಳಿದು ಬರೆಯುತ್ತಿದ್ದೇನೆ. ಸಂಕ್ರಾಂತಿಗಾದರೂ ನಿನ್ನ ಕಾಗದ ಬಂದೀತೆಂದು ನಿನ್ನ ತಂಗಿ ಸೋಮವ್ವ ಅಂಚೆಯವನನ್ನು ಕೇಳಿ ಕೇಳಿ ಸಾಕಾದಳು. ಈಗ ಅವನು ನಮ್ಮ ಓಣಿ ತಪ್ಪಿಸಿ ಹೋಗುತ್ತಾನೆ.

ವಿಷಯಕ್ಕೆ ಬರುತ್ತೇನೆ. ನಿನ್ನ ತಂಗಿಯ ಮಗಳು ಬೋರವ್ವನಿಗೆ ನಾಲ್ಕನೆಯ ವರ್ಷ ನಡೆದಿದೆ. ಇನ್ನೂ ಜಾವಳ ಆಗಿಲ್ಲ. ಹುಟ್ಟಿದಾಗಿನ ಕೂದಲಿಗೆ ಕತ್ತರಿ ಮುಟ್ಟಿಲ್ಲ, ಬೆನ್ನ ಮೇಲೆ ಇಳಿದಿದೆ. ಹೇನು ಆರಿಸಲು ಕೂತರೆ ಹೊತ್ತು ಮುಳುಗುತ್ತದೆ. ನಾನು ಹೋದ ವಾರ ಸೋಮವ್ವನಿಗೆ ಹೇಳಿದೆ: "ಹುಡುಗೀನ ಕುಂಡರಸು, ನಾನ ಕತ್ತರಿ ಹಾಕತೇನಿ. ನಾ ನಿನಗ ಸೋದರಮಾವ ಅಲ್ಲೇನು?"

"ನೀವು ನನಗ ಸೋದರಮಾವ ಅದೀರಿ, ಕೂಸಿಗಲ್ಲ. ಕೂಸಿನ ಸೋದರಮಾವ ನಮ್ಮಣ್ಣ. ಮೊದಲನೇ ಕೂದಲಾ ಅವನ ಕೈಯಿಂದನ ಬೀಳಬೇಕು" ಎಂದಳು. ನನ್ನ ಸ್ವಂತ ಅಕ್ಕನ ಮಗಳು, ನನ್ನ ಮಗ ಸಂಜುವಿನ ಹೆಂಡತಿ. ಸೊಸೆಯೆಂದು ಬೈಯಲು ಹೋದರೆ ಅಕ್ಕನ ಮುಖ ಕಾಣಿಸುತ್ತದೆ. ಬಾಯಿ ಮುಚ್ಚಿಕೊಂಡೆ.

ಆದರೆ ಕಾಯುವುದಕ್ಕೂ ಒಂದು ಮಿತಿ ಇದೆ. ಬರುವ ಮಳೆಗಾಲಕ್ಕೆ ಆಣೆಕಟ್ಟಿನ ಹಿನ್ನೀರು ನಮ್ಮ ಓಣಿಗೆ ಹೊಕ್ಕುತ್ತದೆಂದು ಸರಕಾರದವರು ಹೇಳಿ ಹೋಗಿದ್ದಾರೆ. ಹೊಳೆದಂಡೆಯ ಬೀರಪ್ಪನ ಗುಡಿ ಎಲ್ಲಕ್ಕಿಂತ ತಗ್ಗಿನಲ್ಲಿದೆ, ಮೊದಲು ಮುಳುಗುವುದು ಅದೇ. ನಿನ್ನ ಜಾವಳ ಆ ಕಟ್ಟೆಯ ಮೇಲೆ ಆಯಿತು, ಕತ್ತರಿ ಹಿಡಿದವನು ನಾನು. ನನ್ನದೂ ಅಲ್ಲಿಯೇ ಆಯಿತು. ಬೋರವ್ವನದೂ ಅಲ್ಲಿಯೇ ಆಗಬೇಕು. ನೀರು ಬರುವ ಮೊದಲು, ನಿನ್ನ ಕೈಯಿಂದ.

ನಿನ್ನ ವಿಳಾಸದಲ್ಲಿ ಬರೀ ನಂಬರುಗಳಿವೆ, ಊರಿನ ಹೆಸರಿಲ್ಲ. ಮನುಷ್ಯ ಇರುವ ಜಾಗಕ್ಕೆ ಊರು ಬೇಡವೇ? ಯಾವ ದಿಕ್ಕಿಗಿದ್ದೀ? ಕಾಶಿಗಿಂತ ಆಚೆಯೋ ಈಚೆಯೋ? ಇಲ್ಲಿಂದ ಎಷ್ಟು ಹರದಾರಿ? ಸರಿಯಾಗಿ ಬರೆ.

ನಿನ್ನ ಮಾವ,
ಅಮಸಿದ್ದಪ್ಪ


ಲೇಹ್
9-2-2001

ಮಾವನವರಿಗೆ ಮಾಳಿಂಗರಾಯನ ನಮಸ್ಕಾರ.

ಕಾಗದ ತಲುಪಿತು. ನಾನು ಆರಾಮ ಇದ್ದೇನೆ. ಇಲ್ಲಿ ಸೇರಿ ಎಂಟು ತಿಂಗಳಾದವು. ಊರಿನ ಹೆಸರು ಲೇಹ್. ಕಾಶಿಗಿಂತ ಬಹಳ ಆಚೆ, ಕಾಶ್ಮೀರದ ಬೆನ್ನಿಗೆ. ಗಿಡ ಇಲ್ಲ, ಹಕ್ಕಿ ಕಡಿಮೆ, ಎತ್ತ ನೋಡಿದರೂ ಬೋಳು ಗುಡ್ಡ, ಅದರ ಮೇಲೆ ಹಿಮ. ನಾನು ಓಡಿಸುವ ಮಿಲಿಟರಿ ಲಾರಿ ನಿಂತು ಮೂರು ತಿಂಗಳಾಯಿತು. ರಸ್ತೆ ಹಿಮದಲ್ಲಿ ಮುಚ್ಚಿ ಹೋಗಿದೆ, ಬೇಸಿಗೆ ಬಂದ ಮೇಲೆಯೇ ಬಿಡಿಸುವುದು. ಅಲ್ಲಿಯ ತನಕ ಹೊರಗೆ ಹೋಗಲು ವಿಮಾನ ಒಂದೇ.

ಹರದಾರಿ ಲೆಕ್ಕ ನನಗೆ ತಿಳಿಯದು ಮಾವ. ಇಲ್ಲಿಂದ ಚಂಡೀಗಡಕ್ಕೆ ವಿಮಾನದಲ್ಲಿ ಒಂದು ತಾಸು. ಅದೇ ದಾರಿಗೆ ಬೇಸಿಗೆಯಲ್ಲಿ ಲಾರಿ ಹೊಡೆದರೆ ಮೂರು ದಿನ. ಚಂಡೀಗಡದಿಂದ ದಿಲ್ಲಿ, ದಿಲ್ಲಿಯಿಂದ ಸೊಲ್ಲಾಪುರಕ್ಕೆ ರೈಲು, ಮುಂದೆ ಬಸ್ಸು. ವಿಮಾನ ಹತ್ತಿದೆನೆಂದರೆ ಮೂರನೆಯ ದಿನ ಮನೆಯಲ್ಲಿ ಇರುತ್ತೇನೆ.

ಮಾರ್ಚ್ ಕೊನೆಗೆ ರಜೆ ಮಂಜೂರಾಗಿದೆ. ಬರುತ್ತೇನೆಂದು ಸೋಮವ್ವನಿಗೆ ಹೇಳಿರಿ. ಒಂದು ಮಾತು. ದಿನ ಗಟ್ಟಿಯಾಗಿ ಇಡಬೇಡಿರಿ. ಇಲ್ಲಿ ವಿಮಾನ ಹಾರುವುದು ಮೋಡದ ಮರ್ಜಿ. ನಾನು ಬಂದ ಮೇಲೆ ದಿನ ನೋಡಿದರಾಯಿತು.

ಬೋರವ್ವ ಯಾರ ಹಾಗಿದ್ದಾಳೆ?

ನಿಮ್ಮ ಅಳಿಯ,
ಮಾಳಿಂಗರಾಯ


ಹೊಳೆದಂಡೆ
25-2-2001

ಮಾಳಿಂಗ,

ಬೋರವ್ವ ನನ್ನ ಹೆಂಡತಿಯ ಹಾಗಿದ್ದಾಳೆ. ಸತ್ತವಳ ಹೆಸರಿಟ್ಟಿದ್ದಕ್ಕೆ ಅವಳ ಸಿಟ್ಟೂ ಬಂದಿದೆ. ಅನ್ನ ಬೇಡವಾದರೆ ತಾಟನ್ನೇ ದೂಡುತ್ತಾಳೆ.

ದಿನ ಇಡಬೇಡಿರಿ ಎಂದು ಬರೆದಿದ್ದೀಯಲ್ಲ, ಅದು ಹೇಗಾಗುತ್ತದೆ? ಪೂಜಾರಿಗೆ ಹೇಳಬೇಕು, ತಲೆ ಬೋಳಿಸುವ ಹಡಪದವನಿಗೆ ಹೇಳಬೇಕು, ಡೊಳ್ಳಿನವರು ಒಂದು ತಿಂಗಳು ಮೊದಲೇ ಗೊತ್ತಾಗಬೇಕು. ನೀನು ಒಂದು ತಾಸು ಎಂದು ನಿನ್ನ ಕೈಯಾರೆ ಬರೆದಿದ್ದೀ. ಗಲಗಲಿಯಿಂದ ಜಮಖಂಡಿಗೆ ಕೆಂಪು ಬಸ್ಸಿನಲ್ಲಿ ಒಂದು ತಾಸು. ಜಮಖಂಡಿ ಸಂತೆಗೆ ಹೋಗುವವನು ಮೋಡ ನೋಡಿಕೊಂಡು ಕೂಡುತ್ತಾನೇನು? ಮೂರು ದಿನ ಎಂದರೆ ಮೂರು ದಿನ. ನಾನು ಅದರ ಮೇಲೆ ಇನ್ನೂ ನಾಲ್ಕು ದಿನ ಹಾಕಿ, ಯುಗಾದಿ ದಾಟಿದ ಮೇಲಿನ ಸೋಮವಾರ, ಏಪ್ರಿಲ್ ಎರಡನೆಯ ತಾರೀಕು ಇಟ್ಟಿದ್ದೇನೆ. ಎಲ್ಲರಿಗೂ ಹೇಳಿ ಆಯಿತು.

ಆದರೂ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಸಾಲೆಗೆ ಹೋಗಿ ರಾಚಪ್ಪ ಮಾಸ್ತರನನ್ನು ಕೇಳಿದೆ. ಅವನು ಗೋಡೆಯ ನಕಾಶೆಯ ಮೇಲೆ ದಾರ ಹಿಡಿದು ಅಳೆದ. ನಮ್ಮಲ್ಲಿಂದ ನಿನ್ನ ಊರಿಗೆ ಒಂದು ಗೇಣು, ಮೇಲೆ ನಾಲ್ಕು ಬೆರಳು.

"ಜಮಖಂಡಿಗೆ ಎಷ್ಟು ಬೆರಳಪಾ?" ಎಂದೆ.

"ಜಮಖಂಡಿ ಇದರಾಗ ಕಾಣೂದಿಲ್ಲ, ಅಮಸಿದ್ದಪ್ಪಣ್ಣ. ಬಾಜೂನ ಐತಿ."

"ಮತ್ತ ಹುಡುಗ ಅದಕ್ಕೂ ಒಂದ ತಾಸು, ಇದಕ್ಕೂ ಒಂದ ತಾಸು ಅಂತಾನಲ್ಲೋ."

"ಅದು ಚಂಡೀಗಡದ ತನಕ ಅಷ್ಟ. ಅಲ್ದ ವಿಮಾನ ಭಾಳ ಜೋರ ಹೋಗತೈತ್ರಿ."

"ಜೋರ ಹೋದ್ರ ದೂರ ಕಡಿಮಿ ಆಗತೈತೇನು?"

"ದೂರ ಅಷ್ಟ ಇರತೈತಿ. ಹೊತ್ತು ಕಡಿಮಿ ಆಗತೈತಿ."

ನಾನು ಸಾಲೆ ಬಿಟ್ಟವನು, ನನಗೆ ಇದು ತಿಳಿಯಲಿಲ್ಲ. ಕುರಿ ಹೊಡೆದುಕೊಂಡು ಮೀರಜ್ ಸೀಮೆ ತನಕ ತಿರುಗಿದವನು ನಾನು. ಕುರಿಯ ಕಾಲಿಗೆ ಹೊತ್ತು ಬೇರೆ, ದೂರ ಬೇರೆ ಎಂದಿಲ್ಲ. ಎರಡು ಹೊತ್ತು ನಡೆದೆ ಎಂದರೆ ಎರಡು ಹೊತ್ತಿನ ದೂರ ಬಂದೆ, ಅಷ್ಟೇ. ರಾಚಪ್ಪ ನಕ್ಕ. ಅವನ ನಗು ನೋಡಿ ನಾನು ಎದ್ದು ಬಂದೆ.

ಇರಲಿ. ತಾರೀಕು ಎರಡು. ನೆನಪಿರಲಿ.

ಅಮಸಿದ್ದಪ್ಪ


ಹೊಳೆದಂಡೆ
4-4-2001

ಮಾಳಿಂಗರಾಯನಿಗೆ,

ಸೋಮವಾರ ಬಂತು, ಹೋಯಿತು. ನೀನು ಬರಲಿಲ್ಲ.

ಮುಂಜಾನೆಯೇ ಸೋಮವ್ವ ಹುಡುಗಿಗೆ ಎರೆದು ಹೊಸ ಅಂಗಿ ತೊಡಿಸಿದಳು. ಗುಡಿಯ ಮುಂದೆ ಕಂಬಳಿ ಹಾಸಿ, ಜೋಳ ಸುರುವಿ, ಅದರ ಮೇಲೆ ಕೂಡಿಸಿದೆವು. ಡೊಳ್ಳಿನವರು ಬಾರಿಸಿದರು. ಸಂಜು ರಸ್ತೆಗೆ ಹೋಗಿ ನಿಂತ. ಜಮಖಂಡಿಯ ಕಡೆಯಿಂದ ಬಸ್ಸು ಬಂದಾಗೊಮ್ಮೆ ಡೊಳ್ಳು ಜೋರಾಗುತ್ತಿತ್ತು. ಬಸ್ಸು ಹೋದ ಮೇಲೆ ಸಂಜು ದೂರದಿಂದಲೇ ಕೈ ಆಡಿಸುತ್ತಿದ್ದ. ಡೊಳ್ಳು ನಿಲ್ಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಡೊಳ್ಳಿನವರು ಬಾರಿಸುವುದನ್ನೇ ಬಿಟ್ಟು ಬೇವಿನ ನೆರಳಿಗೆ ಮಲಗಿದರು.

ಪಕ್ಕದ ಮನೆಯ ಹಣಮವ್ವನ ಬಾಯಿ ನಿನಗೆ ಗೊತ್ತು. "ಯಾಕ ಯಣ್ಣಾ, ವಿಮಾನ ಎಲ್ಲೆರ ಪಂಚರ್ ಆತೇನ?" ಎಂದಳು. ಎಲ್ಲರೂ ನಕ್ಕರು. ಕಂಡಕಂಡವರಿಗೆ ಒಂದು ತಾಸು, ಒಂದು ತಾಸು ಎಂದು ಹೇಳಿಕೊಂಡು ತಿರುಗಿದವನು ನಾನು. ಎಲ್ಲಿ ನೋಡಲಿ?

ಹುಡುಗಿ ಜೋಳದ ಮೇಲೆಯೇ ನಿದ್ದೆ ಹೋದಳು. ಹಡಪದವನು ಕತ್ತಿಯನ್ನು ಅರಿವೆಯಲ್ಲಿ ಸುತ್ತಿಟ್ಟ. "ಹೊತ್ತ ಹೊಂಟೈತಿ, ನೀವರ ಒಂದ ಕತ್ತರಿ ಹಾಕ್ರಿ" ಎಂದು ಪೂಜಾರಿ ನನಗೆ ಹೇಳಿದ. ನಾನು ಕೈ ಚಾಚುವುದರೊಳಗೆ ಸೋಮವ್ವ ಹುಡುಗಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ನಡೆದಳು. ಯಾರ ಮುಖವನ್ನೂ ನೋಡಲಿಲ್ಲ. ಅವಳ ಬೆನ್ನ ಮೇಲೆ ಆ ಕೂದಲು ಜೋತಾಡುತ್ತಿತ್ತು.

ಈಗ ನೆಟ್ಟಗೆ ಕೇಳುತ್ತೇನೆ. ಮೋಡ ಗೀಡ ಎಲ್ಲ ಇರಲಿ. ನೀನು ಬರದೆ ಹೋದದ್ದು ಇದೊಂದೇ ಸಲವೇನು? ಹಿಂದಿನ ಮೂರು ವರ್ಷ ರಜೆ ಸಿಕ್ಕಾಗಲೂ ಪುಣೆಯಲ್ಲಿ ಗೆಳೆಯನ ಮನೆ ಎಂದು ಬರೆದೆ. ಪುಣೆಯ ತನಕ ಬಂದವನಿಗೆ ನಮ್ಮ ಮನೆ ದೂರವಾಯಿತೇ? ನನ್ನ ಮಗಳು ವೈಶಾಲಿಯನ್ನು ನಿನಗೇ ಕೊಡುವುದೆಂದು ನಿನ್ನ ಅವ್ವ ಬದುಕಿದ್ದಾಗ ಮಾತಾಡಿದ್ದೆವು. ಮಹಾಲಿಂಗಪುರಕ್ಕೆ ಕೊಟ್ಟೆವು. ಅದು ಮನಸ್ಸಿನಲ್ಲಿದ್ದರೆ ಹೇಳು. ನನ್ನನ್ನು ಬೈ. ತಂಗಿಯ ಕೂಸಿನ ತಲೆಯ ಮೇಲೆ ಹಾಕಬೇಡ.

ಅಮಸಿದ್ದಪ್ಪ


ಲೇಹ್
16-4-2001

ಮಾವನವರಿಗೆ,

ನಾನು ಹೊರಟಿದ್ದೆ ಮಾವ. ರಜೆ ತುಸು ಮೊದಲೇ ಬಿಟ್ಟರು, ಮಾರ್ಚ್ ಇಪ್ಪತ್ತಕ್ಕೇ ಸಾಮಾನು ಕಟ್ಟಿಕೊಂಡು ವಿಮಾನ ಇಳಿಯುವ ಬಯಲಿಗೆ ಬಂದು ಕೂತಿದ್ದೆ. ಮುಂಜಾನೆ ಹೆಸರು ಕೂಗುತ್ತಾರೆ, ಚೀಲ ತೂಗುತ್ತಾರೆ, ಸಾಲಾಗಿ ನಿಲ್ಲಿಸುತ್ತಾರೆ. ಗುಡ್ಡದ ನೆತ್ತಿಯ ಮೇಲೆ ಅಂಗೈಯಷ್ಟು ಮೋಡ ಕಂಡರೂ ಸಾಕು, ಚಂಡೀಗಡದಿಂದ ಬರುತ್ತಿರುವ ವಿಮಾನ ನಡುದಾರಿಯಿಂದಲೇ ತಿರುಗಿ ಹೋಗುತ್ತದೆ. ಒಂದು ದಿನ ನಮ್ಮ ತಲೆಯ ಮೇಲೆಯೇ ಸದ್ದು ಮಾಡಿತು. ಇಳಿಯಲಿಲ್ಲ. ಸದ್ದು ಕೇಳಿಸಿತು, ವಿಮಾನ ಕಾಣಿಸಲಿಲ್ಲ. ಎಲ್ಲರೂ ಚೀಲ ಹೊತ್ತುಕೊಂಡು ಬ್ಯಾರಕ್ಕಿಗೆ ತಿರುಗಿ ಬಂದೆವು. ದಿನವೂ ಇದೇ.

ಹಾಗೆ ಒಂದು ವಾರ ದಾಟಿದ ಮೇಲೆ ಆಕಾಶ ಬಿಚ್ಚಿತು. ವಿಮಾನ ಇಳಿಯಿತು. ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅವತ್ತು ಹತ್ತಿದ್ದರೆ ಸೋಮವಾರದ ಮೊದಲೇ ಮನೆಯಲ್ಲಿರುತ್ತಿದ್ದೆ.

ಸಾಲಿನ ಪಕ್ಕದಲ್ಲಿ ದಗಡೂ ಶೇಳಕೆ ಎಂಬವನು ನಿಂತಿದ್ದ. ಮಹಾರಾಷ್ಟ್ರದ ಬೀಡ ಜಿಲ್ಲೆಯವನು, ನಮ್ಮ ಅಡಿಗೆ ಮನೆಯಲ್ಲಿ ಕೆಲಸ. ಅಪ್ಪನಿಗೆ ಬಹಳ ಜಡ್ಡು, ಕೂಡಲೇ ಬಾ ಎಂದು ಅವನಿಗೆ ತಂತಿ ಬಂದಿತ್ತು. ರಜೆ ಕೊಟ್ಟಿದ್ದರು, ಆದರೆ ಆ ದಿನದ ಪಟ್ಟಿ ತುಂಬಿತ್ತು. ಅವನು ಯಾರನ್ನೂ ಕೇಳಲಿಲ್ಲ ಮಾವ. ಗೋಡೆಗೆ ಬೆನ್ನು ಕೊಟ್ಟು ವಿಮಾನವನ್ನು ನೋಡುತ್ತ ನಿಂತಿದ್ದ. ಕೇಳಿದ್ದರೆ ನಾನು ಇಲ್ಲ ಎನ್ನುತ್ತಿದ್ದೆನೇನೋ. ಕೇಳದೆ ನಿಂತದ್ದನ್ನು ನೋಡಲಾಗಲಿಲ್ಲ. ಸಾಹೇಬರಿಗೆ ಹೇಳಿ ನನ್ನ ಜಾಗವನ್ನು ಅವನ ಹೆಸರಿಗೆ ಬರೆಸಿದೆ. ಆಕಾಶ ಅಷ್ಟು ನೀಲಿಯಾಗಿತ್ತು, ನಾಳೆ ನಾನು ಹೋದರಾಯಿತು ಎಂದುಕೊಂಡೆ.

ಮಧ್ಯಾಹ್ನಕ್ಕೆ ಹಿಮ ಶುರುವಾಯಿತು. ಮುಂದೆ ಹತ್ತು ದಿನ ವಿಮಾನ ಬರಲಿಲ್ಲ. ಅಷ್ಟರಲ್ಲಿ ನಿಮ್ಮ ಸೋಮವಾರ ಕಳೆದಿತ್ತು. ರಸ್ತೆ ಬಿಡಿಸುವ ಕೆಲಸಕ್ಕೆ ಲಾರಿಗಳು ಬೇಕೆಂದು ನನ್ನ ರಜೆಯನ್ನು ಮುಂದಕ್ಕೆ ಹಾಕಿದರು.

ಸೋಮವ್ವನಿಗೆ ಇದನ್ನು ಓದಿ ಹೇಳಿರಿ. ಬೇಡ, ಹೇಳಬೇಡಿರಿ. ನಿಮಗೆ ತಿಳಿದಂತೆ ಮಾಡಿರಿ.

ಮಾಳಿಂಗರಾಯ


ಹೊಳೆದಂಡೆ
30-4-2001

ಮಾಳಿಂಗ,

ಓದಿ ಹೇಳಿದೆ. ಸೋಮವ್ವ ಎದ್ದು ಹೋಗಿ ಎಮ್ಮೆಗೆ ನೀರು ಕುಡಿಸಿದಳು. ಎಮ್ಮೆ ಆಗಲೇ ನೀರು ಕುಡಿದಿತ್ತು.

ಈಗ ನನ್ನ ಮಾತು ಕೇಳು. ಆ ಜಾಗ ನಿನ್ನದಾಗಿತ್ತೇನು, ದಾನ ಮಾಡಲು? ಬೋರವ್ವನದು. ಬೀರಪ್ಪನದು. ನಮ್ಮನ್ನು ಕೇಳದೆ ಆ ಬೀಡ ಜಿಲ್ಲೆಯವನಿಗೆ ಕೊಟ್ಟೆ. ಜಾವಳ ಮತ್ತೆ ಇಡಬಹುದು, ಆದರೆ ಗುಡಿಗೆ ಇನ್ನು ಎರಡು ತಿಂಗಳು ಆಯುಷ್ಯ. ಅದನ್ನು ಯಾರು ಕೊಡುತ್ತಾರೆ, ನಿನ್ನ ಸಾಹೇಬರೇ?

ವೈಶಾಲಿಯ ಮಾತಿಗೆ ನೀನು ಉತ್ತರ ಬರೆದಿಲ್ಲ. ಇರಲಿ, ಕೇಳುವುದಿಲ್ಲ.

ಅವನು ಅಪ್ಪನ ಮುಖ ನೋಡಿದನೋ ಇಲ್ಲವೋ, ತಿಳಿದರೆ ಬರೆ.

ಅಮಸಿದ್ದಪ್ಪ


ಹೊಳೆದಂಡೆ
24-5-2001

ಮಾಳಿಂಗ,

ಈ ಕಾಗದವನ್ನು ಕೂತು ಓದು. ಆದದ್ದು ಸರಿಯೋ ತಪ್ಪೋ ನನಗೆ ಇನ್ನೂ ತಿಳಿಯುತ್ತಿಲ್ಲ. ಮಾಡಿದವಳು ನಿನ್ನ ತಂಗಿ. ನಾನು ಮೊದಲು ಒದರಾಡಿದೆ, ಆಮೇಲೆ ಸುಮ್ಮನೆ ನಿಂತು ನೋಡಿದೆ.

ಹೋದ ಸೋಮವಾರ ನಾನೂ ಸಂಜುವೂ ಮನೆಯ ಬಾಗಿಲು ಕೀಳುತ್ತಿದ್ದೆವು. ಹೊಸ ಜಾಗಕ್ಕೆ ಚೌಕಟ್ಟು, ತೊಲೆ ಎಲ್ಲ ಸಾಗಿಸುತ್ತಿದ್ದೇವೆ. ಕಬ್ಬಿನ ಟ್ರ್ಯಾಕ್ಟರಿನಿಂದ ಒಬ್ಬ ಇಳಿದ. ಬೋಳುತಲೆ, ಅದರ ಮೇಲೆ ಗಿಡ್ಡ ಕೂದಲು ಎದ್ದಿದೆ, ಹೆಗಲಿಗೆ ದೊಡ್ಡ ಚೀಲ. ಮುಳುಗಡೆಯ ಪರಿಹಾರಕ್ಕೆ ಮನೆ ಅಳೆಯುವವನೆಂದು ತಿಳಿದೆ.

"ಮತ್ತ ಅಳ್ಯಾಕ ಬಂದಿಯೇನು? ಮೂರ ಸಲ ಅಳದೀರಿ. ಮನಿ ಏನ ಬೆಳ್ಯಾಕತ್ತೈತೇನು?" ಎಂದು ಕೂಗಿದೆ.

ಅವನು ಹೆದರಿ ನಿಂತ. ಆಮೇಲೆ ಮರಾಠಿಯಲ್ಲಿ, ಮಾಳಿಂಗರಾಯನ ಮಾವನ ಮನೆ ಇದೇ ಏನು ಎಂದು ಕೇಳಿದ. ನನಗೆ ಮರಾಠಿ ಬರುತ್ತದೆ. ಅವನ ಮಾತನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ನಾ ದಗಡೂ. ನಿಮ್ಮ ಹುಡುಗನ ಜಾಗಾದಾಗ ಕುಂತ ಬಂದವ."

ಅವನಿಗೆಂದು ತಿಂಗಳಿಂದ ಕೂಡಿಟ್ಟ ಬೈಗುಳ ನನ್ನ ನಾಲಿಗೆಯ ತುದಿಯಲ್ಲೇ ಇದ್ದವು. ಹೊರಗೆ ಬಂದದ್ದು ಒಂದೇ ಮಾತು: "ಅಪ್ಪ?"

"ಸಿಗಲಿಲ್ಲ ಮಾಮಾ. ವಿಮಾನ ಒಂದ ತಾಸಿನಾಗ ಇಳಿಸಿತು. ದಿಲ್ಲ್ಯಾಗ ಗಾಡಿ ತಪ್ಪಿತು. ಬಿಸಲ ಭಾಳ ಇತ್ತಂತ ಊರಾಗ ನನಗ ಕಾಯಲಿಲ್ಲ. ನಾ ಮುಟ್ಟೂದ್ರಾಗ ಬೂದಿ ಆಗಿತ್ತು. ಇನ್ನೂ ಬೆಚ್ಚಗ ಇತ್ತು."

ಏನು ಹೇಳಲಿ ಮಾಳಿಂಗ? ನೀನು ಕೊಟ್ಟದ್ದು ಅವನಿಗೂ ದಕ್ಕಲಿಲ್ಲ. ಅವನಾದರೂ ಅಪ್ಪನನ್ನು ನೋಡಿದ್ದರೆ ನಾನು ನಿನ್ನನ್ನು ನೆಮ್ಮದಿಯಿಂದ ಬೈಯಬಹುದಾಗಿತ್ತು. ಈಗ ಯಾರನ್ನು ಬೈಯುವುದು?

ಬಾಗಿಲಿಲ್ಲದ ಮನೆಯೊಳಗೆ ಕೂಡಿಸಿದೆವು. ಸೋಮವ್ವ ರೊಟ್ಟಿ ಹಾಕಿದಳು. ಅವನು ತಲೆ ಎತ್ತದೆ ಉಂಡ. "ಡ್ಯೂಟಿಗಿ ತಿರಗಿ ಹೊಂಟೇನಿ. ನನ್ನಿಂದ ನಿಮ್ಮ ಕೂಸಿನ ಕೆಲಸ ನಿಂತಿತು. ನನಗೂ ಉಪಯೋಗ ಆಗಲಿಲ್ಲ. ಮಾರಿ ತೋರಿಸಿ ಎರಡ ಮಾತ ಬೈಸ್ಕೊಂಡ ಹೋಗೂಣು ಅಂತ ಬಂದೆ" ಎಂದ.

ಆಗ ಬೋರವ್ವ ಬಂದಳು. ಅವನ ತಲೆಯ ಸುತ್ತ ಒಂದು ಸುತ್ತು ಹಾಕಿ ನೋಡಿದಳು. "ಮುತ್ಯಾ, ಇವನ ಜಾವಳ ಆಗೇತಿ!" ಎಂದಳು.

ಅದು ಅಪ್ಪ ಸತ್ತದ್ದಕ್ಕೆ ಬೋಳಿಸಿದ ತಲೆ. ಅವನಿಗೆ ಕನ್ನಡ ತಿಳಿಯದು. ಏನಂದಳು ಎಂದು ಕೇಳಿದ. ನಾನು ಹೇಳಿದೆ. ಅವನು ನಕ್ಕ. ನಗುತ್ತ ನಗುತ್ತ ಎಡಗೈಯಿಂದ ಕಣ್ಣು ಒರೆಸಿಕೊಂಡ, ಬಲಗೈಯಲ್ಲಿ ರೊಟ್ಟಿ ಇತ್ತು.

ಸೋಮವ್ವ ಒಳಗೆ ಹೋಗಿ ಕತ್ತರಿ ತಂದು ಅವನ ತಾಟಿನ ಪಕ್ಕ ಇಟ್ಟಳು.

"ಏನಬೇ ಇದು?" ಎಂದೆ.

"ಜಾವಳ ಇವತ್ತ. ಇವರ ಕೈಯಿಂದ."

ನಾನು ಎಷ್ಟು ಒದರಿದೆನೋ ನನಗೇ ತಿಳಿಯದು. ನಾನು ಕತ್ತರಿ ಹಿಡಿಯುತ್ತೇನೆಂದರೆ ಬೇಡ ಎಂದವಳು, ಹಾದಿಯಲ್ಲಿ ಬಂದವನಿಗೆ ಕೊಡುತ್ತಾಳೆಂದರೆ? ಹಣಮವ್ವ ಗೋಡೆ ಆಚೆಯಿಂದ ಕೇಳಿ ಓಡಿ ಬಂದಳು. "ಯಾರ ಮಗನೋ, ಯಾವ ಜಾತ್ಯಾಂವನೋ, ಹುಚ್ಚ ಹಿಡದೈತೇನ ನಿನಗ?" ಎಂದಳು.

ಸೋಮವ್ವ ದನಿ ಏರಿಸಲಿಲ್ಲ. "ನಮ್ಮಣ್ಣ ತಾನು ಎದ್ದು ತನ್ನ ಜಾಗಾದಾಗ ಇವರನ್ನ ಕುಂಡ್ರಿಸಿ ಕಳಿಸ್ಯಾನ. ಎಬ್ಬಿಸಾಕ ನೀವು ಯಾರು?"

ಹಣಮವ್ವನ ಬಾಯಿ ಮುಚ್ಚಿದ್ದನ್ನು ನಾನು ಜನ್ಮದಲ್ಲಿ ಅವತ್ತೇ ನೋಡಿದ್ದು.

ನಾನು ಹಿಡಿದುಕೊಳ್ಳಲು ಏನಾದರೂ ಬೇಕಲ್ಲ ಎಂದು ಅವನನ್ನು ಕೇಳಿದೆ: "ಮನಿ ದೇವರು ಯಾರು?"

"ಖಂಡೋಬಾ."

"ಅಂದ್ರ ನಮ್ಮ ಮೈಲಾರಲಿಂಗ. ಹಂಗಾರ ನಡೀತೈತಿ" ಎಂದೆ. ನಡೆಯುತ್ತದೋ ಇಲ್ಲವೋ ದೇವರಿಗೇ ಗೊತ್ತು.

ಬೀರಪ್ಪನ ಕಟ್ಟೆಗೆ ಹೋದೆವು. ಡೊಳ್ಳಿಲ್ಲ, ಮಂದಿ ಇಲ್ಲ. ಪೂಜಾರಿ, ಹಡಪದವನು, ನಾವು ನಾಲ್ಕು ಜನ. ಹಣಮವ್ವ ಬೇಡ ಬೇಡ ಎನ್ನುತ್ತಲೇ ಆರತಿ ಹಿಡಿದು ಬಂದಳು. ಕತ್ತರಿ ಕೈಗೆ ಬಂದಾಗ ದಗಡೂ "ನನಗ ಇದು ಬರೂದಿಲ್ಲ" ಎಂದ. ನಾನು, "ಮೊದಲನೇ ಸಲ ಯಾರಿಗೂ ಬರೂದಿಲ್ಲ, ಹಾಕು" ಎಂದೆ. ಒಂದು ಎಳೆ ಕತ್ತರಿಸಿ ತಾಟಿಗೆ ಹಾಕಿದ. ಉಳಿದದ್ದನ್ನು ಹಡಪದವನು ಬೋಳಿಸಿದ. ಪೂಜಾರಿ ತಲೆಗೆ ಅರಿಷಿಣದ ಭಂಡಾರ ಬಳಿದ. ಸೋದರಮಾವ ಹೊಸ ಅರಿವೆ ಕೊಡಬೇಕು, ಅವನ ಹತ್ತಿರ ಏನಿತ್ತು? ಚೀಲದಿಂದ ತನ್ನ ಉಣ್ಣೆಯ ಟೊಪ್ಪಿಗೆ ತೆಗೆದು ಅವಳ ತಲೆಗೆ ಹಾಕಿದ. ಮೇ ತಿಂಗಳ ಬಿಸಿಲು, ಟೊಪ್ಪಿಗೆ ಮೂಗಿನ ತನಕ ಇಳಿಯಿತು. ತೆಗೆಯೆಂದರೆ ತೆಗೆಯಲೊಲ್ಲಳು.

ಕೂದಲನ್ನು ಹೊಳೆಗೆ ಬಿಟ್ಟೆವು. ನನ್ನ ಕೂದಲು, ನಿನ್ನ ಕೂದಲು ಹರಿದು ಹೋದವು. ಈಗ ಹೊಳೆ ಮುಂದೆ ಹೋಗಿ ಆಣೆಕಟ್ಟಿನ ಗೋಡೆಗೆ ನಿಲ್ಲುತ್ತದೆ. ನೀರೇ ನಿಂತ ಮೇಲೆ ಕೂದಲು ಎಲ್ಲಿಗೆ ಹೋಗಬೇಕು? ಅದನ್ನೇ ನೋಡುತ್ತ ನಿಂತಿದ್ದೆ, ಸಂಜು ಕೈ ಹಿಡಿದು ಕರೆದುಕೊಂಡು ಬಂದ.

ಮರುದಿನದ ಬಸ್ಸಿಗೆ ಅವನು ಹೋದ. ಈಗ ನೀನು ಹೇಳು, ಇದು ಆದಂತೆಯೋ, ಆಗದಂತೆಯೋ?

ಅಮಸಿದ್ದಪ್ಪ


ಲೇಹ್
12-6-2001

ಮಾವನವರಿಗೆ,

ಕಾಗದವನ್ನು ಎರಡು ಸಲ ಓದಿದೆ. ಮೊದಲನೆಯ ಸಲ ನಕ್ಕೆ. ಎರಡನೆಯ ಸಲ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ದಗಡೂ ತಿರುಗಿ ಬಂದಿದ್ದಾನೆ. ಎದುರಿಗೆ ಸಿಕ್ಕರೆ ತಲೆ ತಗ್ಗಿಸುತ್ತಾನೆ. ನಾನೂ ಹಾಗೆಯೇ ಮಾಡುತ್ತೇನೆ. ನಿನ್ನೆ ನನ್ನ ತಾಟಿಗೆ ಎರಡು ಚಪಾತಿ ಹೆಚ್ಚು ಹಾಕಿದ. ಬೋರವ್ವನ ಕೂದಲು ಹೇಗಿತ್ತು ಎಂದು ಕೇಳಿದೆ. "ಮೆತ್ತಗಿತ್ತು" ಎಂದ. ನಾನು ಆ ಹುಡುಗಿಯನ್ನು ನೋಡಿಯೇ ಇಲ್ಲ ಮಾವ. ಅವನು ನೋಡಿದ್ದಾನೆ.

ನಾನು ಅವನಿಗೆ ಕೊಟ್ಟದ್ದು ಒಂದು ತಾಸು ಎಂದುಕೊಂಡಿದ್ದೆ.

ರಸ್ತೆ ತೆರೆಯುತ್ತಿದೆ. ಸೆಪ್ಟೆಂಬರಿನಲ್ಲಿ ರಜೆ ಕೊಡುತ್ತೇವೆ ಎಂದಿದ್ದಾರೆ. ಬಂದು ಏನು ಮಾಡಲಿ? ಸೋದರಮಾವ ಬಂದು ಹೋದ ಮನೆಗೆ ನಾನು ಏನೆಂದು ಬರಲಿ?

ಮಾಳಿಂಗರಾಯ


ಹೊಸ ಊರು
27-8-2001

ಮಾಳಿಂಗ,

ನಿನ್ನ ಕಾಗದ ಹಳೇ ಊರಿಗೆ ಹೋಗಿ, ಅಲ್ಲಿ ಯಾರೂ ಇಲ್ಲವೆಂದು ಗಲಗಲಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂತು. ಅದಕ್ಕೇ ಇಷ್ಟು ತಡ.

ಶ್ರಾವಣಕ್ಕೆ ಮೊದಲು ಬೀರಪ್ಪನನ್ನು ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ತಂದೆವು. ಕುರಿಯ ಹಿಂದೆ ನಡೆದ ದೇವರು, ಹೊಸ ಜಾಗ ಎಂದು ಏನೂ ಅನ್ನಲಿಲ್ಲ. ಕಟ್ಟೆಯನ್ನು ತರಲಾಗಲಿಲ್ಲ. ಅದರ ಮೇಲೆ ಈಗ ನೀರಿದೆ. ಇಲ್ಲಿ ದಿಬ್ಬ ಹತ್ತಿ ನಿಂತರೆ ಬೇವಿನ ನೆತ್ತಿ ಕಾಣಿಸುತ್ತದೆ. ಕೂಗಿದರೆ ಕೇಳಿಸುವಷ್ಟು ಹತ್ತಿರ, ಆದರೆ ಹೋಗಲು ಬರುವುದಿಲ್ಲ. ಇದು ದೂರವೋ ಹತ್ತಿರವೋ ಎಂದು ರಾಚಪ್ಪ ಮಾಸ್ತರನನ್ನು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅವನ ಬಳಿ ಜಿಲ್ಲೆಯ ನಕಾಶೆ ಇದೆ, ಅದರಲ್ಲಿ ನಮ್ಮ ಓಣಿಯ ಹೊಳೆದಂಡೆ ಇನ್ನೂ ಒಣಗಿಯೇ ಇದೆ.

ಏನೆಂದು ಬರಲಿ ಎಂದು ಕೇಳಿದ್ದೀ. ಅವತ್ತು ದಗಡೂ ಕತ್ತರಿ ಕೆಳಗಿಟ್ಟ ಮೇಲೆ ನಾನು ಪತ್ತಾರನನ್ನು ಕರೆಯಲು ಎದ್ದಿದ್ದೆ. ಜಾವಳದ ಬೆನ್ನಿಗೇ ಸೋದರಮಾವನ ತೊಡೆಯ ಮೇಲೆ ಕೂಡಿಸಿ ಕಿವಿ ಚುಚ್ಚಿಸುವುದು ನಮ್ಮ ಮನೆಯ ರೂಢಿ. ಸೋಮವ್ವ ನನ್ನ ಅಂಗಿ ಹಿಡಿದು ನಿಲ್ಲಿಸಿದಳು. "ಕಿವಿ ಅಣ್ಣಗ ಇರಲಿ" ಎಂದಳು. ಇದನ್ನು ನಾನು ಆಗಲೇ ಬರೆಯಬೇಕಿತ್ತು, ಬರೆಯಲಿಲ್ಲ. ನೀನು ಇನ್ನೊಂದಿಷ್ಟು ದಿನ ಉರಿಯಲಿ ಎಂದು ಬಿಟ್ಟೆ. ನಾನು ಉರಿದದ್ದು ಕಡಿಮೆಯೇನು?

ರಸ್ತೆ ತೆರೆದಿದೆಯಲ್ಲ, ಲಾರಿಯಲ್ಲಿ ಬಾ. ಒಂದು ತಾಸಿನದನ್ನು ನಂಬಿ ನಾವು ಕೆಟ್ಟೆವು. ಮೂರು ದಿನದ ರಸ್ತೆ ಮೂರು ದಿನಕ್ಕೆ ಮುಟ್ಟಿಸುತ್ತದೆ, ಹೆಚ್ಚೆಂದರೆ ಐದು. ವೈಶಾಲಿ ದೀಪಾವಳಿಗೆ ಬರುತ್ತಾಳೆ. ಅದರ ಮೊದಲು ಬರುತ್ತೀಯೋ ಆಮೇಲೆ ಬರುತ್ತೀಯೋ, ನಿನ್ನ ಮನಸ್ಸು.

ದಿನ ಇಟ್ಟಿಲ್ಲ. ಯಾರಿಗೂ ಹೇಳಿಲ್ಲ. ಪತ್ತಾರ ಹಿಂದಿನ ಸಾಲಿನಲ್ಲೇ ಇದ್ದಾನೆ. ನೀನು ಬಂದು ಕಾಲು ತೊಳೆದ ಮೇಲೆ ಹೋಗಿ ಕರೆದುಕೊಂಡು ಬರುತ್ತೇನೆ.

ಇಲ್ಲಿ ಮನೆಗಳೆಲ್ಲ ಒಂದೇ ನಮೂನೆ, ಸಾಲು ಹಿಡಿದು ಕಟ್ಟಿದ್ದಾರೆ. ನಾನೇ ಎರಡು ಸಲ ಬೇರೆಯವರ ಅಡಿಗೆ ಮನೆಗೆ ಹೊಕ್ಕು ಬೈಸಿಕೊಂಡಿದ್ದೇನೆ. ಹುಡುಕುತ್ತ ತಿರುಗಬೇಡ. ನಡುವೆ ನಿಂತು ಬೋರವ್ವನ ಹೆಸರು ಹಿಡಿದು ಕೂಗು, ಅವಳು ಓಡಿ ಬರುತ್ತಾಳೆ. ನಿನ್ನ ಗುರುತು ಅವಳಿಗಿಲ್ಲ. ಯಾರು ನೀನು ಎಂದು ಕೇಳುತ್ತಾಳೆ. ನಾನು ಹೇಳಿಕೊಡುವುದಿಲ್ಲ, ಸೋಮವ್ವನೂ ಹೇಳುವುದಿಲ್ಲ. ಯಾರೆಂದು ನೀನೇ ಹೇಳು.

ನಿನ್ನ ಮಾವ,
ಅಮಸಿದ್ದಪ್ಪ